ಪ್ರೆಸ್ ಕಿಟ್ ಮಾಡಿಸುವ ಬ್ಯಾಂಡಿನವರೇ, ದುಡ್ಡು ಕೊಡುವ ಮೊದಲು ಇದನ್ನು ಓದಿ

ರಾಜ್ಯೋತ್ಸವದ ಸೀಸನ್ ಹತ್ತಿರ ಬರುತ್ತಿದೆ. ಕಂಪನಿಯವರು, ಅಪಾರ್ಟ್‌ಮೆಂಟ್ ಸಂಘದವರು, ಕಾಲೇಜಿನವರು, ಎಲ್ಲರೂ ಮೊದಲು ಕೇಳುವುದು 'ಇಪಿಕೆ ಕಳಿಸಿ' ಅಂತ. ಇಪಿಕೆ ಅಂದರೆ ಎಲೆಕ್ಟ್ರಾನಿಕ್ ಪ್ರೆಸ್ ಕಿಟ್, ಬ್ಯಾಂಡಿನ ಪರಿಚಯ, ಫೋಟೋ, ವಿಡಿಯೋ ಎಲ್ಲ ಒಂದೇ ಕಡೆ ಇರುವ ಕಟ್ಟು. ನಮ್ಮಂಥ ಸಣ್ಣ ಕನ್ನಡ ಬ್ಯಾಂಡಿಗೆ ನವೆಂಬರಿನ ಶೋಗಳೇ ವರ್ಷದ ದೊಡ್ಡ ದುಡಿಮೆ. ಇದು ಗೊತ್ತಿದ್ದೇ 'ಆರ್ಟಿಸ್ಟ್ ಪಿಆರ್' ಅಂತ ಬೋರ್ಡು ಹಾಕಿಕೊಂಡವರು ಇನ್‌ಸ್ಟಾಗ್ರಾಂ ತುಂಬ ಕೂತಿದ್ದಾರೆ. ಅಂಥ ಒಬ್ಬನಿಗೆ ನಾವು 18,000 ರೂಪಾಯಿ ಕೊಟ್ಟೆವು. ಅರ್ಧ ಅಲ್ಲ, ಪೂರ್ತಿ. ಹೆಸರು ಹಾಕುತ್ತಿಲ್ಲ. ಲೀಗಲ್ ನೋಟಿಸ್ ಕಳಿಸುತ್ತೇನೆ ಅಂತ ಆಗಲೇ ಹೆದರಿಸಿದ್ದಾನೆ.

ಮಾತಾಗಿದ್ದು ಮಾಮೂಲಿನದ್ದೇ. ಫೋಟೋ ಶೂಟ್, ಚಿಕ್ಕದೊಂದು ದೊಡ್ಡದೊಂದು ಪರಿಚಯ, ಲೈವ್ ವಿಡಿಯೋ, ಹಾಡುಗಳ ಲಿಂಕ್, ಸ್ಟೇಜ್ ಪ್ಲಾಟ್ (ವೇದಿಕೆ ಮೇಲೆ ಯಾರು, ಯಾವ ವಾದ್ಯ, ಯಾವ ಮೈಕ್ ಎಲ್ಲಿ ಅನ್ನುವ ನಕ್ಷೆ), ಟೆಕ್ ರೈಡರ್ (ನಮಗೆ ಬೇಕಾದ ಸೌಂಡ್ ಸಲಕರಣೆಗಳ ಪಟ್ಟಿ). ಎಲ್ಲ ಒಂದು ಡ್ರೈವ್ ಫೋಲ್ಡರಿನಲ್ಲಿ, ಜೊತೆಗೊಂದು ಪಿಡಿಎಫ್. ನಾವು ತತ್ವಪದ ಹಾಡುವವರು. ಗಿಟಾರ್, ಬೇಸ್, ಡ್ರಮ್ಸ್ ಜೊತೆ ತಂಬೂರಿ, ದಮ್ಮಡಿ. ತಂಬೂರಿ ಹಿಡಿದು ಹಾಡುವವರು ಚಾಮರಾಜನಗರ ಕಡೆಯ ಹಿರಿಯರು, ನಮಗೆಲ್ಲ ಅಣ್ಣ. ಇಷ್ಟನ್ನೂ ವಾಯ್ಸ್ ನೋಟಿನಲ್ಲಿ ಬಿಡಿಸಿ ಹೇಳಿದ್ದೆವು. 'ಸೂಪರ್ ಬ್ರೋ, ಯುನೀಕ್ ಆಗಿದೆ' ಅಂದಿದ್ದ.

ಆಮೇಲೆ ನಮಗೆ ತೋರಿಸದೆ, ಒಂದು ಮಾತೂ ಕೇಳದೆ, ಕಿಟ್ಟನ್ನು ನೇರ ಆಯೋಜಕರಿಗೆ ಕಳಿಸಿಬಿಟ್ಟ.

ನಮಗೆ ಗೊತ್ತಾಗಿದ್ದು ಹೇಗೆ ಅಂದರೆ, ಪ್ರಾಕ್ಟೀಸ್ ಮಾಡುತ್ತಿದ್ದಾಗ ಒಂದು ಕಂಪನಿಯ ಕನ್ನಡ ಸಂಘದವರ ಫೋನ್ ಬಂತು. ಸ್ಪೀಕರ್‌ಗೆ ಹಾಕಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು. 'ಸರ್, ನೀವು ಹಂಪಿ ಉತ್ಸವದಲ್ಲಿ ಹಾಡಿದ್ದೀರಲ್ಲ, ಆ ವಿಡಿಯೋ ಒಂದು ಕಳಿಸ್ತೀರಾ? ನಮ್ಮ ಮ್ಯಾನೇಜರ್ ನೋಡಬೇಕಂತೆ.' ಹಂಪಿ ಉತ್ಸವಕ್ಕೆ ನಾವು ಹೋಗಿದ್ದೇವೆ, ಜನರ ಮಧ್ಯೆ ನಿಂತು ನೋಡೋಕೆ! ಏನು ಹೇಳಲಿ? ಹಾಡಿಲ್ಲ ಸರ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. 'ಮತ್ತೆ ನಿಮ್ಮ ಕಿಟ್‌ನಲ್ಲಿ ಬರೆದಿದೆಯಲ್ಲ ಸರ್?' ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಜೊತೆ ಮಾತಾಡುವ ದನಿ ಅದು. ಶೋ ಕೈಬಿಟ್ಟುಹೋಯಿತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಅವರ ಹತ್ತಿರವೇ ಪಿಡಿಎಫ್ ತರಿಸಿಕೊಂಡು ನೋಡಿದೆವು. 'ಪ್ರಶಸ್ತಿ ವಿಜೇತ ಬ್ಯಾಂಡ್' ಅಂತೆ. ಯಾವ ಪ್ರಶಸ್ತಿ? ಅಣ್ಣನನ್ನು ಸಿತಾರ್ ವಾದಕ ಮಾಡಿಟ್ಟಿದ್ದಾನೆ. ಸ್ಟೇಜ್ ಪ್ಲಾಟಿನಲ್ಲಿ ಮಧ್ಯದಲ್ಲೇ ಡಿಜೆ ಕನ್ಸೋಲ್ ಇದೆ, ತಂಬೂರಿಗೆ ಒಂದು ಮೈಕೂ ಇಲ್ಲ. ಯಾವುದೋ ರೆಡಿಮೇಡ್ ಟೆಂಪ್ಲೇಟಿಗೆ ನಮ್ಮ ಹೆಸರು ಅಂಟಿಸಿದ್ದು, ಅಷ್ಟೇ. ಪರಿಚಯವನ್ನು ಎಐ ಹತ್ತಿರ ಬರೆಸಿದ್ದು, ಅದೂ ಎರಡು ಸಾಲು ಓದಿದರೆ ಗೊತ್ತಾಗುತ್ತದೆ. ಅಣ್ಣ ಅದನ್ನೆಲ್ಲ ಕೇಳಿಸಿಕೊಂಡು, 'ನಾನು ಯಾವತ್ತಪ್ಪಾ ಸಿತಾರ್ ಹಿಡಿದೆ?' ಅಂದರು. ನಮಗೆ ತಲೆ ಎತ್ತೋಕಾಗಲಿಲ್ಲ.

ಅವನಿಗೆ ಫೋನ್ ಮಾಡಿದರೆ ಬಂದ ಉತ್ತರಗಳು ನೋಡಿ. 'ಪಿಆರ್ ಅಂದ್ರೆ ಸ್ವಲ್ಪ ಮಸಾಲೆ ಇರುತ್ತೆ ಬ್ರೋ.' 'ಯಾರು ಚೆಕ್ ಮಾಡ್ತಾರೆ ಬ್ರೋ?' ಚೆಕ್ ಮಾಡಿದರು ಮಾರಾಯ, ಅದಕ್ಕೇ ಫೋನ್ ಮಾಡಿದ್ದು! ಸರಿಪಡಿಸಿ ಕೊಡಿ ಅಂದರೆ 'ರಿವಿಷನ್ ಎಕ್ಸ್‌ಟ್ರಾ.' ದುಡ್ಡು ವಾಪಸ್ ಕೇಳಿದರೆ ಅದರ ಬದಲು 'ಐವತ್ತು ಸಾವಿರ ಸ್ಟ್ರೀಮ್ಸ್ ಫ್ರೀ ಹಾಕಿಸ್ತೀನಿ' ಅಂದ. ಬಾಟ್ ಸ್ಟ್ರೀಮ್ ಅದು, ಜನ ಕೇಳಿದ್ದಲ್ಲ, ಸಾಫ್ಟ್‌ವೇರಿನಿಂದ ಹಾಡಿಸಿ ಎಣಿಕೆ ಏರಿಸೋದು. ಸ್ಪಾಟಿಫೈ 2024ರಿಂದ ಇಂಥ ನಕಲಿ ಸ್ಟ್ರೀಮ್ ಜಾಸ್ತಿ ಕಂಡರೆ ಡಿಸ್ಟ್ರಿಬ್ಯೂಟರಿಗೆ, ಅಂದರೆ ನಮ್ಮ ಹಾಡನ್ನು ಸ್ಪಾಟಿಫೈಗೆ ಹಾಕಿಕೊಡುವ ಕಂಪನಿಗೆ, ದಂಡ ಹಾಕುತ್ತಿದೆ. ಅವರು ಅದನ್ನು ನಮ್ಮ ತಲೆಗೇ ಕಟ್ಟಬಹುದು, ಹಾಡನ್ನೇ ತೆಗೆಯಬಹುದು. ನಮ್ಮ ಡ್ರಮ್ಮರ್‌ಗೆ ಇದು ಗೊತ್ತಿತ್ತು, ಬೇಡವೇ ಬೇಡ ಅಂದ.

ಹಾಳಾಗಿ ಹೋಗಲಿ, ಫೋಟೋಗಳನ್ನಾದರೂ ಕೊಡು ಅಂದೆವು. ಅಷ್ಟರಲ್ಲಿ ಡ್ರೈವ್ ಫೋಲ್ಡರಿಗೆ ನಮ್ಮ ಆಕ್ಸೆಸ್ ತೆಗೆದಿದ್ದ. ಫೋಲ್ಡರ್ ಅವನ ಅಕೌಂಟಿನಲ್ಲಿ ಇದ್ದದ್ದು. 'ಒರಿಜಿನಲ್ ಬೇಕಂದ್ರೆ ಇನ್ನೂ ಆರು ಸಾವಿರ. ಕಾಪಿರೈಟ್ ನಮ್ಮದು, ಇನ್‌ವಾಯ್ಸ್ ಕೆಳಗೆ ಬರೆದಿದೆ ನೋಡಿ.' ಆ ಇನ್‌ವಾಯ್ಸ್ ಬಂದಿದ್ದೇ ದುಡ್ಡು ಕೊಟ್ಟ ಮೇಲೆ! ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರಿಗೇ ಅಂತ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅದನ್ನು ಕಳಿಸಿದೆ. ಬ್ಲೂ ಟಿಕ್ ಬಂತು, ಉತ್ತರ ಇಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನೀವು ಕಿಟ್ ಮಾಡಿಸುವುದಾದರೆ ಫೋಲ್ಡರ್ ನಿಮ್ಮ ಅಕೌಂಟಿನಲ್ಲೇ ಇರಲಿ. ನೀವು ಓದಿ ಒಪ್ಪದೆ ಯಾರಿಗೂ ಕಳಿಸಬಾರದು, ಫೋಟೋ ಹಕ್ಕು ನಿಮ್ಮದೇ ಅಂತ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ನಿಜ ಹೇಳಬೇಕೆಂದರೆ ಪರಿಚಯವನ್ನು ನೀವೇ ಬರೆಯಿರಿ. ಸ್ಟೇಜ್ ಪ್ಲಾಟನ್ನು ನಿಮ್ಮ ಸೌಂಡ್ ಎಂಜಿನಿಯರ್ ಒಂದು ಹಾಳೆಯಲ್ಲಿ ಗೀಚಿಕೊಟ್ಟರೂ ಇವನದ್ದಕ್ಕಿಂತ ಚೆನ್ನಾಗಿರುತ್ತದೆ.

ಈಗ ಅವನ ಜಾಹೀರಾತಿನಲ್ಲಿ ನಮ್ಮ ಫೋಟೋನೇ ಓಡುತ್ತಿದೆ, 'ಹ್ಯಾಪಿ ಕ್ಲೈಂಟ್ಸ್' ಅಂತ. ತೆಗೆಯಿರಿ ಅಂತ ಮೆಸೇಜ್ ಹಾಕಿದ್ದಕ್ಕೆ, 'ನಿಮಗೂ ಫ್ರೀ ಪ್ರಮೋಷನ್ ಅಲ್ವಾ ಬ್ರೋ' ಅಂತಾನೆ.