ಕಿಕ್‌ಸ್ಟಾರ್ಟರ್: ಮಾಟುಂಗಾದಿಂದ ಒಂದು ಪ್ರಯೋಗಶೀಲ ಚಿತ್ರಕ್ಕೆ ಕೈಜೋಡಿಸಿದ ಅನುಭವ

ಅಮೆರಿಕದ ಕಪ್ಪು ಕ್ವಿಯರ್ (ಲೈಂಗಿಕ ಅಲ್ಪಸಂಖ್ಯಾತ) ನಿರ್ದೇಶಕಿಯೊಬ್ಬರ ಸ್ವತಂತ್ರ ಪ್ರಯೋಗಶೀಲ ಚಿತ್ರಕ್ಕೆ ಮುಂಬೈನ ಮಾಟುಂಗಾದ ನಮ್ಮ ಮನೆಯಿಂದಲೇ, ಜನರಿಂದ ಹಣ ಸಂಗ್ರಹಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಮೂಲಕ 25 ಡಾಲರ್ ಕೊಟ್ಟೆ. ಇಂಥದೇ ಹಿನ್ನೆಲೆಯ ಇನ್ನೊಬ್ಬ ನಿರ್ದೇಶಕಿ ಶೆರಿಲ್ ಡ್ಯೂನ್ಯೆ ಅವರ 1996ರ ‘ದ ವಾಟರ್‌ಮೆಲನ್ ವುಮನ್’ ಚಿತ್ರಕ್ಕೆ ಸಿಕ್ಕ 31,500 ಡಾಲರ್‌ಗಳ ಸರ್ಕಾರಿ ಅನುದಾನವೇ ಅಮೆರಿಕದ ಸಂಸತ್ತಿನಲ್ಲಿ ಟೀಕೆಗೆ ಗುರಿಯಾಗಿತ್ತು ಎಂಬುದನ್ನು ನೆನೆದರೆ, ಇಂಥ ಚಿತ್ರಗಳಿಗೆ ಪ್ರೇಕ್ಷಕರ ನೆರವು ಏಕೆ ಬೇಕೆಂಬುದು ಅರ್ಥವಾಗುತ್ತದೆ.

2009ರಲ್ಲಿ ಆರಂಭವಾದ ಈ ತಾಣದಲ್ಲಿ ಗಡುವಿನೊಳಗೆ ಚಿತ್ರತಂಡ ಕೇಳಿದ ಮೊತ್ತದ ಗುರಿ ಮುಟ್ಟಿದರಷ್ಟೇ ನಮ್ಮ ಕಾರ್ಡಿನಿಂದ ಹಣ ಕಡಿತವಾಗುತ್ತದೆ. ಇಲ್ಲವಾದರೆ ಚಿತ್ರತಂಡಕ್ಕೆ ಬಿಡಿಗಾಸೂ ಸಿಗದು. ಕೊಡುವವರಿಗೆ ಇದು ನೆಮ್ಮದಿಯಾದರೂ, ಬಂದಷ್ಟರಲ್ಲೇ ಒಂದು ದಿನದ ಚಿತ್ರೀಕರಣ ಮುಗಿಸಬಲ್ಲ ಪುಟ್ಟ ತಂಡಕ್ಕೆ ಕಠಿಣ ನಿಯಮವೆಂದೇ ನನ್ನ ಅಭಿಪ್ರಾಯ. ಗುರಿ ಮುಟ್ಟಿದ ಮೇಲೂ ತಂಡವು ತಾಣಕ್ಕೆ ಕೊಡಬೇಕಾದ ಶೇ. 5 ಶುಲ್ಕ, ಪಾವತಿ ವೆಚ್ಚ ಬೇರೆ.

ಗಡುವು ಮುಗಿದ ರಾತ್ರಿ ನನ್ನ ಬ್ಯಾಂಕ್ ಪಾವತಿಯನ್ನು ತಿರಸ್ಕರಿಸಿತು. ಸರಿಪಡಿಸಲು 7 ದಿನಗಳ ಅವಕಾಶವಿದ್ದುದರಿಂದ, ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟಿಗೆ ಅನುಮತಿ ಕೊಟ್ಟು, ಮರುದಿನ ಬೆಳಿಗ್ಗೆ ಹಣ ಸಂದಾಯವಾದದ್ದನ್ನು ಕಂಡು ನಿಜಕ್ಕೂ ಹಿಗ್ಗಿದೆ.