ಹಳೆ ಸ್ಪ್ಲೆಂಡರ್ ಪ್ಲಸ್: ಕೆಲವು ಮಳೆಗಾಲ ಓಡಿಸಿದ ಮೇಲೆ

ಗಾಡಿ: ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್, 2006ರ ಮಾಡೆಲ್, ಕಪ್ಪು ಬಣ್ಣ. ಕೊಟ್ಟ ದುಡ್ಡು 18,000 ರೂಪಾಯಿ. ನಾನು ಮೂರನೇ ಓನರ್. ಓಡಾಟ ಮುಖ್ಯವಾಗಿ ಶಿವಮೊಗ್ಗ–ಭದ್ರಾವತಿ ನಡುವೆ, ಬಿಡುವಾದಾಗ ತೀರ್ಥಹಳ್ಳಿ, ಆಗುಂಬೆ ಕಡೆ.

ಹಳೆ ಬೈಕಿನ ಹುಚ್ಚು ಇರುವವರಿಗೆ ನಮ್ಮ ಕಡೆ ಎರಡೇ ಹೆಸರು ನೆನಪಾಗುವುದು. ಒಂದು ಮೈಸೂರಿನ ಯೆಜ್ಡಿ, ಇನ್ನೊಂದು ಯಮಹಾ ಆರ್‌ಎಕ್ಸ್ 100. ಎರಡೂ 1996ರಲ್ಲೇ ನಿಂತುಹೋದವು. ನಿಂತ ಮೇಲೆ ಅವುಗಳ ಬೆಲೆ ಏರುತ್ತಲೇ ಇದೆ. ಕಂಡೀಷನ್ ಚೆನ್ನಾಗಿರುವ ಗಾಡಿಗೆ ಲಕ್ಷದ ಮೇಲೆ ಕೇಳುತ್ತಾರೆ. ಸಾಲದ್ದಕ್ಕೆ ‘ಕೊಡೋಕೆ ಮನಸ್ಸೇ ಇಲ್ಲ ಸಾರ್, ನೀವು ಕೇಳಿದ್ರಿ ಅಂತ’ ಎಂಬ ಉಪಕಾರ ಬೇರೆ. ನನಗೂ ಯೆಜ್ಡಿ ಆಸೆ ಇತ್ತು. ಅದಕ್ಕೆ ದುಡ್ಡು ಕೂಡುವವರೆಗೆ ಕೆಲಸಕ್ಕೆ ಹೋಗಿ ಬರೋಕೆ ಏನಾದರೂ ಒಂದಿರಲಿ ಅಂತ, ಸಹೋದ್ಯೋಗಿಯ ಚಿಕ್ಕಪ್ಪ ಮಾರಲು ಇಟ್ಟಿದ್ದ ಈ ಸ್ಪ್ಲೆಂಡರನ್ನು ತಗೊಂಡೆ. ಈಗ ಯೆಜ್ಡಿ ನೋಡಿದರೆ ಖುಷಿಯಾಗುತ್ತದೆ, ಆದರೆ ಬೇಕು ಅನ್ನಿಸುವುದಿಲ್ಲ. ಯಾಕೆ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಸ್ಪ್ಲೆಂಡರನ್ನು ಯಾರೂ ಬೈಕ್ ಅಂತ ನೋಡುವುದೇ ಇಲ್ಲ, ಅಲ್ವಾ? ಹಾಲಿನ ಕ್ಯಾನ್ ಹೊತ್ತುಕೊಂಡು ಹೋಗುತ್ತದೆ, ಅಡಿಕೆ ಮೂಟೆ ಹೊತ್ತುಕೊಂಡು ಹೋಗುತ್ತದೆ, ಗಂಡ ಹೆಂಡತಿ ಎರಡು ಮಕ್ಕಳನ್ನೂ ಹೊತ್ತುಕೊಂಡು ಹೋಗುತ್ತದೆ. 1994ರಲ್ಲಿ ಬಂದ ಮಾಡೆಲ್ ಇದು. ಅದಕ್ಕೂ ಮೊದಲು 1985ರಲ್ಲಿ ಇದೇ ಕಂಪನಿಯ ಸಿಡಿ 100 ಬಂದಿತ್ತು. ಎರಡರಲ್ಲೂ ಇರುವುದು ಅದೇ 97.2 ಸಿಸಿ ಎಂಜಿನ್, ಹೋಂಡಾದ ಹಳೆ ಗಾಡಿ ಕಬ್‌ನ ವಂಶದ್ದು. ಸಿಲಿಂಡರ್ ನೆಟ್ಟಗೆ ನಿಂತಿಲ್ಲ, ಮುಂದಿನ ಚಕ್ರದ ಕಡೆಗೆ ಅಡ್ಡ ಮಲಗಿದೆ. ಸ್ಪ್ಲೆಂಡರ್ ಪ್ಲಸ್ ಬಂದದ್ದು 2004ರಲ್ಲಿ. ಹೀರೋ ಮತ್ತು ಹೋಂಡಾ ಬೇರೆಯಾಗಿ 2011ರಲ್ಲಿ ಕಂಪನಿಯ ಹೆಸರು ಬದಲಾಯಿತು. ಹಾಗಾಗಿ ಟ್ಯಾಂಕ್ ಮೇಲೆ ಎರಡೂ ಹೆಸರು ಒಟ್ಟಿಗೆ ಇರುವ ಗಾಡಿಗೆ ಹಳ್ಳಿ ಕಡೆ ಇನ್ನೂ ಒಂದು ಗೌರವ ಇದೆ. ‘ಇದು ಹೋಂಡಾ ಇಂಜಿನ್ನು’ ಅಂತ ನನಗೆ ಹೇಳದ ಮೆಕ್ಯಾನಿಕ್ ಇಲ್ಲ.

ಬಲ ಎಷ್ಟು ಅಂತ ಕೇಳಬೇಡಿ. ಏಳೂವರೆ ಕುದುರೆ, ಅದೂ ಹೊಸದಾಗಿದ್ದಾಗ. ಈಗ ಒಂದೆರಡು ಕುದುರೆ ಓಡಿಹೋಗಿರಬಹುದು. 40ರಿಂದ 50ರ ನಡುವೆ ಈ ಗಾಡಿ ತುಂಬಾ ಸೊಗಸಾಗಿ ಓಡುತ್ತದೆ. ಎಂಜಿನ್ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ. 65 ದಾಟಿದರೆ ಫುಟ್‌ರೆಸ್ಟ್ ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತದೆ. ಭದ್ರಾವತಿ ರಸ್ತೆಯಲ್ಲಿ ಎಲ್ಲರೂ ನನ್ನನ್ನು ಹಿಂದಿಕ್ಕುತ್ತಾರೆ. ಹಿಂದಿಕ್ಕಲಿ ಬಿಡಿ. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆಮೇಲೆ ಲೆಕ್ಕ ಹಾಕಿದರೆ, ಮನೆ ಮುಟ್ಟುವುದರಲ್ಲಿ ಇರುವ ವ್ಯತ್ಯಾಸ ಒಂದು ಚಹಾ ಕುಡಿಯುವಷ್ಟು ಹೊತ್ತೂ ಅಲ್ಲ.

ಗಾಡಿಯ ಮೇಲೆ ನನಗೆ ನಿಜವಾಗಿ ಮನಸ್ಸು ಕೂತದ್ದು ಆಗುಂಬೆಯಲ್ಲಿ. ಘಾಟಿಯಲ್ಲಿ 14 ತಿರುವು. ಸೋಮೇಶ್ವರದಿಂದ ಮೇಲೆ ಹತ್ತುವಾಗ ಹಿಂದೆ ತಮ್ಮ ಕೂತಿದ್ದ, ಅವನ ಬೆನ್ನಿಗೆ ದೊಡ್ಡ ಬ್ಯಾಗು. ತಿರುವಿಗೆ ಬರುತ್ತಿದ್ದ ಹಾಗೆ ಹಿಮ್ಮಡಿಯಲ್ಲಿ ಒತ್ತಿ ಎರಡನೇ ಗೇರಿಗೆ ಇಳಿಸುವುದು, ತೀರಾ ಕಡಿದಾಗಿದ್ದರೆ ಒಂದನೇದು, ತಿರುವು ಮುಗಿದ ಕೂಡಲೇ ಮುಂಗಾಲಲ್ಲಿ ಒತ್ತಿ ಮತ್ತೆ ಮೇಲಿನ ಗೇರು. ಇದರ ನಾಲ್ಕೂ ಗೇರು ಮುಂದಕ್ಕೇ. ಹಿಂದೆ ಒತ್ತಿದರೆ ಇಳಿಯುತ್ತದೆ. ಪಲ್ಸರ್ ಓಡಿಸಿ ರೂಢಿಯಾದವರಿಗೆ ಕೊಟ್ಟರೆ ಮೊದಲ ಸರ್ಕಲ್‌ನಲ್ಲೇ ಗೊಂದಲ ಶುರು. ಘಾಟಿಯಲ್ಲಿ ಗಾಡಿ ನಿಧಾನಕ್ಕೆ ಹತ್ತಿತು, ಆದರೆ ಒಮ್ಮೆಯೂ ಏದುಸಿರು ಬಿಡಲಿಲ್ಲ. ಇಷ್ಟು ಕಡಿಮೆ ಶಕ್ತಿಯ ಗಾಡಿಯಲ್ಲಿ ಪ್ರತಿ ತಿರುವಿಗೂ ಮೊದಲೇ ಯೋಚನೆ ಮಾಡಬೇಕು: ಯಾವ ಗೇರು, ಎಷ್ಟು ವೇಗ, ಎಲ್ಲಿಂದ ಒಳಗೆ ಬರಬೇಕು ಅಂತ. ಆ ಕೆಲಸದಲ್ಲೇ ಒಂದು ಮಜಾ ಇದೆ. ಗೆಳೆಯನ 350 ಸಿಸಿ ಗಾಡಿಯಲ್ಲೂ ಅದೇ ಘಾಟಿ ಹತ್ತಿದ್ದೇನೆ. ಅದರಲ್ಲಿ ಆಕ್ಸಿಲರೇಟರ್ ತಿರುವಿದರೆ ಮುಗಿಯಿತು, ಘಾಟಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ನನ್ನ ಗಾಡಿಯಲ್ಲಿ ಇಳಿಯುವಾಗ ಮಾತ್ರ ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ಬ್ರೇಕನ್ನೇ ನಂಬಿದರೆ ಕಷ್ಟ.

ಬ್ರೇಕ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಮುಂದೆ ಹಿಂದೆ ಎರಡೂ ಡ್ರಮ್. ಈಗಿನ 125 ಸಿಸಿವರೆಗಿನ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಕಂಬೈನ್ಡ್ ಬ್ರೇಕ್ ಕಡ್ಡಾಯ. ಹಿಂದಿನದು ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಇದರಲ್ಲಿ ಅದೆಲ್ಲ ಇಲ್ಲ. ಮಳೆಯಲ್ಲಿ ಗಾಬರಿಯಿಂದ ಕಾಲು ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ಟೈರು ಎರಡೂ ಕಡೆ 2.75 ಅಳತೆಯ 18 ಇಂಚಿನದು, ತೆಳ್ಳಗೆ. ಬ್ರೇಕ್ ಶೂ ಮತ್ತು ಟೈರಿನಲ್ಲಿ ಮಾತ್ರ ನಾನು ಜುಗ್ಗತನ ಮಾಡುವುದಿಲ್ಲ. ಗಾಡಿ ತಂದ ವಾರದಲ್ಲೇ ಎರಡೂ ಹೊಸದು ಹಾಕಿಸಿದೆ.

ಹೆಡ್‌ಲೈಟ್ ಇನ್ನೊಂದು ಕಥೆ. ಅದಕ್ಕೆ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ, ಎಂಜಿನ್ ತಿರುಗಿದಷ್ಟು ಬೆಳಕು. ರೇಸ್ ಮಾಡಿದರೆ ರಸ್ತೆ ಕಾಣುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬುಡ್ಡಿ ದೀಪ. ತೀರ್ಥಹಳ್ಳಿ ದಾರಿಯಲ್ಲಿ ಮಂಡಗದ್ದೆ ದಾಟಿದ ಮೇಲೆ ಕಾಡಿನ ನಡುವೆ ರಾತ್ರಿ, ಜೊತೆಗೆ ಮಂಜು ಇದ್ದರೆ, ತಿರುವಿನಲ್ಲಿ ನಿಧಾನ ಮಾಡಿದಾಗಲೇ ಕತ್ತಲಾಗುತ್ತದೆ. ಬೆಳಕು ಬೇಕಾದ ಹೊತ್ತಿಗೇ ಇಲ್ಲ! ಎಲ್‌ಇಡಿ ಹಾಕಿಸಿ ಅಂತ ಎಲ್ಲರೂ ಹೇಳಿದರು. ನಾನು ಹಾಕಿಸಿಲ್ಲ, ರಾತ್ರಿ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಮಳೆಗಾಲದ ಮಾತು. ಸಿಲಿಂಡರ್ ಮಲಗಿರುವುದರಿಂದ ಪ್ಲಗ್ಗು ಮುಂದಿನ ಚಕ್ರ ಎರಚುವ ನೀರಿಗೆ ಹತ್ತಿರ. ನೀರು ನಿಂತ ರಸ್ತೆಯಲ್ಲಿ ಹೋದರೆ ಪ್ಲಗ್ ಕ್ಯಾಪ್ ಒಳಗೆ ತೇವ ಸೇರಿ ಗಾಡಿ ಜರ್ಕ್ ಹೊಡೆದು ನಿಲ್ಲುತ್ತದೆ. ಕ್ಯಾಪ್ ಬಿಚ್ಚಿ ಕರ್ಚೀಫಿನಲ್ಲಿ ಒರೆಸಿ, ಬಾಯಿಂದ ಊದಿ, ಮತ್ತೆ ಹಾಕಿ ಕಿಕ್ ಹೊಡೆದರೆ ಸ್ಟಾರ್ಟ್. ಮುಂದಿನ ಮಡ್‌ಗಾರ್ಡ್ ಕೆಳಗೆ ಒಂದು ರಬ್ಬರ್ ಫ್ಲ್ಯಾಪ್ ಜೋತುಬಿಡಿಸಿ, ಕ್ಯಾಪ್ ಹೊಸದು ಹಾಕಿಸಿದ ಮೇಲೆ ಆ ತೊಂದರೆ ಬಹುತೇಕ ಹೋಯಿತು. ಸೈಲೆನ್ಸರ್ ತುಕ್ಕು ಮಾತ್ರ ತಪ್ಪಿದ್ದಲ್ಲ. ಮಲೆನಾಡಿನಲ್ಲಿ ಅದು ಯಾವ ಗಾಡಿಗೂ ತಪ್ಪುವುದಿಲ್ಲ. ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುವುದು ಮಾತ್ರ ದೊಡ್ಡ ವರ. ಕೆಸರು ಒಳಗೆ ಹೋಗುವುದಿಲ್ಲ, ಚೈನು ಬಾಳಿಕೆ ಬರುತ್ತದೆ. ಈ ಕವರನ್ನು ಚೆಂದಕ್ಕೆ ಅಂತ ಕಿತ್ತೆಸೆಯುವ ಹುಡುಗರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ರಿಪೇರಿ ಖರ್ಚು ಎಷ್ಟಾಯಿತು ಅಂತ ಎಲ್ಲರೂ ಕೇಳುತ್ತಾರೆ. ಟೈರು, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್, ಹ್ಯಾಂಡಲ್‌ನ ಕೋನ್ ಸೆಟ್, ಕ್ಲಚ್ ಕೇಬಲ್, ಬ್ಯಾಟರಿ, ಎಲ್ಲ ಸೇರಿ ಮೊದಲ ವರ್ಷ ಏಳೆಂಟು ಸಾವಿರ. ಆಮೇಲೆ ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸದ್ದು ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಎಡಗಡೆಯಿಂದ ಚರಚರ. ಈ ಎಂಜಿನ್ನಿನ ಹಳೆ ರೋಗ ಅದು. ಆ ಚೈನು, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಬದಲಿಸಿದ ಮೇಲೆ ತಣ್ಣಗಾಯಿತು. ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ ಡೂಪ್ಲಿಕೇಟ್ ಟೆನ್ಷನರ್ ಕೊಟ್ಟಿದ್ದರು, ಅದು ಒಂದು ಮಳೆಗಾಲವೂ ಬಾಳಲಿಲ್ಲ. ಸ್ಪೇರ್ ಪಾರ್ಟ್ ಎಲ್ಲ ಕಡೆ ಸಿಗುತ್ತದೆ ಅನ್ನುವುದು ನಿಜ. ಅದಕ್ಕೇ ನಕಲಿಯೂ ಎಲ್ಲ ಕಡೆ ಸಿಗುತ್ತದೆ.

ಆಯಿಲ್ ಬದಲಿಸುವುದು ಈಗ ಮನೆಯಲ್ಲೇ. ಗಾಡಿ ಸ್ವಲ್ಪ ಬಿಸಿ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಕೆಳಗೆ ಹಳೆ ಬಾಂಡ್ಲಿ ಇಟ್ಟು, 17ರ ಸ್ಪ್ಯಾನರಿನಲ್ಲಿ ಬೋಲ್ಟ್ ಬಿಚ್ಚಿದರೆ ಕಪ್ಪಗಿನ ಆಯಿಲ್ ಇಳಿಯುತ್ತದೆ. ಕೊನೆಯ ಹನಿ ಬೀಳುವವರೆಗೆ ಕಾದು, ಬೋಲ್ಟ್ ಬಿಗಿದು, 10ಡಬ್ಲ್ಯು30 ಆಯಿಲಿನ 900 ಎಂಎಲ್ ಡಬ್ಬಿ ಪೂರ್ತಿ ಸುರಿದರೆ ಮುಗಿಯಿತು. ಅಳೆಯುವ ಕೆಲಸವೂ ಇಲ್ಲ, ಡಬ್ಬಿಯ ಅಳತೆಯೇ ಎಂಜಿನ್ನಿನ ಅಳತೆ. ಪ್ಲಗ್ ಕ್ಲೀನಿಂಗ್, ಚೈನ್ ಟೈಟ್, ಕ್ಲಚ್ ಫ್ರೀ ಪ್ಲೇ, ಕಾರ್ಬುರೇಟರ್‌ನ ಐಡಲ್ ಸ್ಕ್ರೂ, ಎಲ್ಲವೂ ಕಣ್ಣಿಗೆ ಕಾಣುವ ಜಾಗದಲ್ಲಿವೆ. ನಾನು ಲೆಕ್ಕಪತ್ರದ ಕೆಲಸ ಮಾಡುವವನು, ಸ್ಪ್ಯಾನರ್ ಹಿಡಿದವನಲ್ಲ. ನನಗೇ ಇಷ್ಟು ಬರುತ್ತದೆ ಅಂದಮೇಲೆ ಯಾರಿಗಾದರೂ ಬರುತ್ತದೆ. ಒಮ್ಮೆ ಬ್ಯಾಟರಿ ಪೂರ್ತಿ ಸತ್ತಿತ್ತು. ಆಗಲೂ ಕಿಕ್ಕಿಗೆ ಸ್ಟಾರ್ಟ್ ಆಯಿತು. ಹಾರ್ನ್ ಇಲ್ಲದೆ, ಕೈ ತೋರಿಸಿಕೊಂಡು ಮನೆಗೆ ಬಂದೆ.

ಮೈಲೇಜ್ 60ರ ಆಸುಪಾಸು. ಪೆಟ್ರೋಲ್ ಮುಳ್ಳನ್ನು ನಂಬಬೇಡಿ. ಏರಿನಲ್ಲಿ ಒಂದು ಹೇಳುತ್ತದೆ, ಇಳಿಜಾರಿನಲ್ಲಿ ಇನ್ನೊಂದು. ರಿಸರ್ವ್ ಕಾಕ್ ಇದೆಯಲ್ಲ, ಅದೇ ನಿಜವಾದ ಮೀಟರ್. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಆ ಕಾಲದ ಗಾಡಿಯ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ನನ್ನದರಲ್ಲಿ ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕಾರ್ಬುರೇಟರ್ ಬೌಲಿನ ಗ್ಯಾಸ್ಕೆಟ್ ಜೊತೆಗೆ ಅದನ್ನೂ ಬದಲಿಸಿದೆ. ದೊಡ್ಡ ಖರ್ಚೇನಲ್ಲ, ಆದರೆ ಆಗಾಗ ಬಗ್ಗಿ ನೋಡುತ್ತಿರಬೇಕು. ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಬಂದ್ ಮಾಡುವುದು ಒಳ್ಳೆಯದು.

ಕಳ್ಳತನದ ಭಯ ಇದಕ್ಕೆ ಜಾಸ್ತಿ. ಸವೆದ ಕೀ ಹೋಲ್‌ಗೆ ಯಾವ ಕೀ ಹಾಕಿದರೂ ತಿರುಗುತ್ತದೆ. ಶಿವಮೊಗ್ಗ ಬಸ್ ಸ್ಟ್ಯಾಂಡಿನ ಪಾರ್ಕಿಂಗ್‌ನಲ್ಲಿ ಒಮ್ಮೆ ಪಂಚೆ ಉಟ್ಟ ಹಿರಿಯರೊಬ್ಬರು ನನ್ನ ಗಾಡಿಗೆ ತಮ್ಮ ಕೀ ಹಾಕಿ, ತಿರುಗಿಸಿ, ಕಿಕ್ ಹೊಡೆಯೋಕೆ ಕಾಲೆತ್ತಿದ್ದರು.

‘ಯಜಮಾನ್ರೇ, ಅದು ನಂದು.’

ನಂಬರ್ ಪ್ಲೇಟ್ ಬಗ್ಗಿ ನೋಡಿದರು. ‘ಹೌದಾ ಮಾರಾಯ! ನಂದೂ ಇದೇ ಥರ ಇದೆ ಕಣಪ್ಪ. ಅದಕ್ಕೂ ಇಲ್ಲೇ ತರಚಿದೆ.’

ಆಮೇಲೆ ಇಬ್ಬರೂ ಸೇರಿ ಅವರ ಗಾಡಿ ಹುಡುಕಿದೆವು. ನಾಲ್ಕು ಸಾಲು ಆಚೆ ಇತ್ತು. 1999ರ ಮಾಡೆಲ್, ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ ಅಂದರು. ಅವತ್ತೇ ಲಾಕ್ ಸೆಟ್ ಬದಲಿಸಿ, ಚಕ್ರಕ್ಕೆ ಒಂದು ಚೈನ್ ಬೀಗ ತಂದೆ.

ಯೆಜ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಅಲ್ಲೇ. ಯೆಜ್ಡಿ ಇಟ್ಟುಕೊಂಡ ಗೆಳೆಯ ಗಾಡಿ ನಿಲ್ಲಿಸಿದಲ್ಲೆಲ್ಲ ಜನ ಸೇರುತ್ತಾರೆ. ಅವನಿಗೆ ಅದು ಇಷ್ಟ. ಮಳೆ ಬಂದರೆ ಗಾಡಿ ತೆಗೆಯುವುದಿಲ್ಲ, ಯಾರಿಗೂ ಕೊಡುವುದಿಲ್ಲ, ಒಂದು ಗೀರು ಬಿದ್ದರೆ ರಾತ್ರಿ ನಿದ್ದೆ ಮಾಡುವುದಿಲ್ಲ. ನನ್ನ ಗಾಡಿಯನ್ನು ಪಕ್ಕದ ಮನೆಯ ಹುಡುಗ ಕಲಿಯೋಕೆ ಒಯ್ಯುತ್ತಾನೆ, ಬೀಳಿಸಿ ತರುತ್ತಾನೆ, ಬಗ್ಗಿದ ಫುಟ್‌ರೆಸ್ಟನ್ನು ಇಬ್ಬರೂ ಸೇರಿ ಪೈಪ್ ಹಾಕಿ ನೆಟ್ಟಗೆ ಮಾಡುತ್ತೇವೆ. 18,000ದ ಗಾಡಿಗೆ ಇನ್ನೇನು ಬೇಜಾರು?

ಇಂಥ ಗಾಡಿ ತಗೊಳ್ಳುವವರು ಕಾಗದಪತ್ರವನ್ನು ಎಂಜಿನ್ನಿಗಿಂತ ಮೊದಲು ನೋಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರು, ಎಂಜಿನ್ ನಂಬರು ಎರಡೂ ಗಾಡಿ ಮೇಲಿನದಕ್ಕೆ ತಾಳೆಯಾಗಬೇಕು. ಹಳೆ ಸಾಲದ ನಮೂದು ಉಳಿದಿದ್ದರೆ ಅದನ್ನು ಮಾರುವವರೇ ತೆಗೆಸಿಕೊಡಲಿ. ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳುವ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳದೆ ದುಡ್ಡು ಕೊಡಬೇಡಿ. 15 ವರ್ಷ ದಾಟಿದ ಗಾಡಿಯಾದರೆ ರಿಜಿಸ್ಟ್ರೇಷನ್ ನವೀಕರಣ ಆಗಿದೆಯಾ ಕೇಳಿ, ಅದು ಒಂದು ಸಲಕ್ಕೆ ಐದು ವರ್ಷ. ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಇರಲೇಬೇಕು. ಓಡಿಸಿ ನೋಡುವಾಗ ತಣ್ಣಗಿನ ಎಂಜಿನ್ನನ್ನೇ ಸ್ಟಾರ್ಟ್ ಮಾಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ವಲ್ಪ ಅನುಮಾನ ಪಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ವಾಪಸ್ ಬನ್ನಿ. ಸ್ಪ್ಲೆಂಡರಿಗೇನು ಬರವೇ, ನಾಳೆ ಇನ್ನೊಂದು ಸಿಗುತ್ತದೆ.

ಹೆದ್ದಾರಿಯಲ್ಲಿ ದಿನಾ ದೂರ ಹೋಗುವವರಿಗೆ, ರಾತ್ರಿ ಪಾಳಿಯವರಿಗೆ ನಾನು ಇದನ್ನು ಹೇಳುವುದಿಲ್ಲ. ಊರೊಳಗೆ, ಅಕ್ಕಪಕ್ಕದ ಊರಿಗೆ, ಗದ್ದೆ ತೋಟಕ್ಕೆ ಅಂದರೆ ಕಣ್ಣು ಮುಚ್ಚಿ ತಗೊಳ್ಳಿ.

ನನ್ನದಕ್ಕೆ 2026ಕ್ಕೆ 20 ವರ್ಷ ತುಂಬುತ್ತದೆ. 20 ದಾಟಿದ ಬೈಕಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಿದೆ, ಹಸಿರು ತೆರಿಗೆ ಬೇರೆ. ಕಟ್ಟುತ್ತೇನೆ. ಆರ್‌ಟಿಒಗೆ ಒಯ್ಯುವ ಮೊದಲು ಹಿಂದಿನ ಎಡ ಇಂಡಿಕೇಟರ್ ಸರಿ ಮಾಡಿಸಬೇಕು, ಎಮಿಷನ್ ಟೆಸ್ಟ್ ಮಾಡಿಸಬೇಕು, ಸೈಡ್ ಪ್ಯಾನೆಲ್ಲಿನ ಮುರಿದ ಕೊಂಡಿಗೆ ಏನಾದರೂ ಉಪಾಯ ಹುಡುಕಬೇಕು. ಸದ್ಯಕ್ಕೆ ಅದನ್ನು ಕೇಬಲ್ ಟೈ ಹಿಡಿದುಕೊಂಡಿದೆ.