ಹಿಂದಿನ ಸೀಟಿನ ಬಹುಮತ: ಹೊಸ ಅಕಾರ್ಡ್, ಹೊಸ ಕ್ಯಾಮ್ರಿ, ಹಳೆಯ ಮಜ್ದಾ 6, ಹಳೆಯ ಕ್ಯಾಮ್ರಿ

ಮನೆಗೊಂದು ಸೆಡಾನ್, ಅಂದರೆ ಹಿಂದೆ ಡಿಕ್ಕಿ ಬೇರೆಯಾಗಿರುವ ತಗ್ಗು ಕಾರು, ಕೊಳ್ಳಬೇಕಿತ್ತು. ನೋಡಲು ಮೊದಲ ದಿನ ಒಬ್ಬನೇ ಹೋಗಿದ್ದೆ. ಸೀದಾ ಡ್ರೈವರ್ ಸೀಟಿನಲ್ಲಿ ಕೂತೆ, ಸ್ಟೇರಿಂಗ್ ಹಿಡಿದೆ, ಒಂದು ಸುತ್ತು ಹೊಡೆದೆ. ಭಾರೀ ಖುಷಿಯಾಯಿತು. ಮನೆಗೆ ಬಂದು ಹೊಗಳತೊಡಗಿದರೆ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಹಿಂದೆ ಕೂತು ನೋಡಿದ್ರಾ?"

ನೋಡಿರಲಿಲ್ಲ. ನಾವು ಮನೆಯಲ್ಲಿ ಐದು ಜನ. ಹಿಂದೆ ಕೂರುವವರು ಮೂವರು: ಮಂಡಿನೋವಿನ ಅಮ್ಮ, ಒಂಬತ್ತು ವರ್ಷದ ಮಗಳು, ಇನ್ನೂ ಹಿಮ್ಮುಖ ಸೀಟಿನಲ್ಲಿ (ಗಾಡಿಯ ಹಿಂಬದಿಗೆ ಮುಖ ಮಾಡಿ ಕೂರಿಸುವ ಮಕ್ಕಳ ಸೀಟು) ಬೆಲ್ಟ್ ಹಾಕಿಸಿಕೊಂಡು ಕೂರುವ ಪುಟ್ಟ ಮಗ. ಲೆಕ್ಕ ಹಾಕಿದರೆ ಬಹುಮತ ಹಿಂದಿನ ಸೀಟಿನದೇ. ಎರಡನೇ ಸಲ ಹೋಗುವಾಗ ಎಲ್ಲರೂ ಹೊರಟೆವು. ಜೊತೆಗೆ ಮಗನ ಸೀಟು, ಅವನ ತಳ್ಳುಗಾಡಿ, ಒಂದು ಅಳತೆ ಟೇಪು.

ಪಟ್ಟಿ ಸಣ್ಣದು ಮಾಡಲು ನಾವು ಕಷ್ಟಪಡಲಿಲ್ಲ, ಕಂಪನಿಗಳೇ ಆ ಕೆಲಸ ಮಾಡಿಬಿಟ್ಟಿವೆ. ಎಲ್ಲರಿಗೂ ಎಸ್‌ಯುವಿ ಬೇಕು, ಸೆಡಾನ್ ಯಾರಿಗೂ ಬೇಡ. ಫೋರ್ಡ್ ಫ್ಯೂಷನ್ 2020ರಲ್ಲೇ ನಿಂತಿತು, ಯುರೋಪಿನ ಮಾಂಡಿಯೊ 2022ರಲ್ಲಿ. 2023ರಲ್ಲಿ ಯುರೋಪಿಗೆ ಬಂದ ಹೊಸ ಫೋಕ್ಸ್‌ವ್ಯಾಗನ್ ಪಸಾಟ್ ಬರೀ ಎಸ್ಟೇಟ್, ಅಂದರೆ ಛಾವಣಿ ಡಿಕ್ಕಿಯ ಕೊನೆಯವರೆಗೂ ಚಾಚಿದ ಮಾದರಿ, ಸೆಡಾನ್ ಇಲ್ಲ. ಕೊನೆಗೆ ನಾವು ಹತ್ತಿ ಇಳಿದು ನೋಡಿದ್ದು ನಾಲ್ಕು. ಹೊಸದರಲ್ಲಿ ಹೋಂಡಾ ಅಕಾರ್ಡ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವ ಗಾಡಿ) ಮತ್ತು ಟೊಯೋಟಾ ಕ್ಯಾಮ್ರಿ. ಸೆಕೆಂಡ್ ಹ್ಯಾಂಡ್‌ನಲ್ಲಿ 2.5 ಲೀಟರ್ ಮಜ್ದಾ 6 ಮತ್ತು ಹಿಂದಿನ ತಲೆಮಾರಿನ ಕ್ಯಾಮ್ರಿ ಹೈಬ್ರಿಡ್.

ಒಂದು ತಮಾಷೆ ನೋಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಕ್ಯಾಮ್ರಿಯಲ್ಲಿ 2,825 ಮಿ.ಮೀ. ಅಕಾರ್ಡ್ ಮತ್ತು ಮಜ್ದಾ 6 ಎರಡರಲ್ಲೂ 2,830. ಐದು ಮಿಲಿಮೀಟರ್ ಯಾವ ಲೆಕ್ಕ? ಆದರೆ ಕಂಪನಿಗಳೇ ಕೊಡುವ ಹಿಂದಿನ ಸೀಟಿನ ಕಾಲಿನ ಜಾಗದ ಅಳತೆ ನೋಡಿ: ಅಕಾರ್ಡ್ ಸುಮಾರು 1,036 ಮಿ.ಮೀ., ಮಜ್ದಾ 983, ಕ್ಯಾಮ್ರಿ 965. ಸೈಟು ಒಂದೇ ಅಳತೆ, ಮನೆ ಕಟ್ಟಿದ ರೀತಿ ಬೇರೆ. ಬ್ರೋಷರ್‌ನಲ್ಲಿ ವೀಲ್‌ಬೇಸ್ ನೋಡಿ ಒಳಗಿನ ಜಾಗ ಊಹಿಸುವವನು ನಾನು. ಆ ಚಟ ಅವತ್ತಿಗೆ ಬಿಟ್ಟಿತು.

ಹಿಮ್ಮುಖ ಸೀಟು ಇಟ್ಟಾಗ ಈ ಏಳು ಸೆಂಟಿಮೀಟರ್ ಏನು ಅಂತ ಗೊತ್ತಾಗುತ್ತದೆ. ಮಗುವಿನ ಸೀಟು ಹಿಂದಕ್ಕೆ ವಾಲಿ ನಿಲ್ಲಬೇಕು, ಹಾಗಾಗಿ ಅದರ ಬೆನ್ನು ಮುಂದಿನ ಸೀಟಿಗೆ ತಾಗುತ್ತದೆ. ಮುಂದೆ ಕೂತವರು ಸರಿಯಬೇಕಾಗುತ್ತದೆ. ಅಕಾರ್ಡ್‌ನಲ್ಲಿ ಸೀಟು ಕಟ್ಟಿದ ಮೇಲೂ ಹೆಂಡತಿ ಮುಂದೆ ಆರಾಮಾಗಿ ಕಾಲು ಚಾಚಿದಳು. ಕ್ಯಾಮ್ರಿಯಲ್ಲಿ ಅವಳ ಮಂಡಿಗೂ ಡ್ಯಾಶ್‌ಬೋರ್ಡಿಗೂ ನಾಲ್ಕು ಬೆರಳು ಉಳಿಯಿತು. ಮಜ್ದಾದಲ್ಲಿ ಎರಡೇ ಬೆರಳು. ಕಾಗದದ ಮೇಲೆ ಮಜ್ದಾಕ್ಕೆ ಕ್ಯಾಮ್ರಿಗಿಂತ ಜಾಸ್ತಿ ಜಾಗ ಇದೆ, ಆದರೂ ನಮ್ಮ ಮಗುವಿನ ಸೀಟಿನ ಆಕಾರಕ್ಕೆ ಹೊಂದಿದ್ದು ಕ್ಯಾಮ್ರಿ. ಅದಕ್ಕೇ ಹೇಳುವುದು, ನಿಮ್ಮ ಮಗುವಿನ ಸೀಟನ್ನು ಹೊತ್ತುಕೊಂಡೇ ಹೋಗಿ. ನಾಚಿಕೆ ಪಡಬೇಡಿ.

ಅಮ್ಮನದು ಬೇರೆಯೇ ಪರೀಕ್ಷೆ. ಅವರಿಗೆ ಜಾಗಕ್ಕಿಂತ ಹತ್ತುವುದು ಇಳಿಯುವುದು ಮುಖ್ಯ. ಸೆಡಾನ್ ಅಂದರೆ ತಗ್ಗು. ಮೊದಲು ಬೆನ್ನು ಮಾಡಿ ಕೂತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ಎಳೆದುಕೊಳ್ಳಬೇಕು. ಆ ಹೊತ್ತಿನಲ್ಲಿ ತಲೆಗೆ ಏನು ತಾಗುತ್ತದೆ, ಕೈಗೆ ಹಿಡಿಯಲು ಏನು ಸಿಗುತ್ತದೆ, ಹೊಸ್ತಿಲು ಎಷ್ಟು ಅಗಲ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಈಗಿನ ಅಕಾರ್ಡ್‌ನ ಛಾವಣಿ ಹಿಂದಕ್ಕೆ ಇಳಿಜಾರಾಗಿ ಹೋಗುತ್ತದೆ. ನೋಡಲು ಬಹಳ ಚಂದ. ಅಮ್ಮ ಮಾತ್ರ ಪ್ರತಿ ಸಲ ತಲೆ ತಗ್ಗಿಸಿದರು. ಕ್ಯಾಮ್ರಿಯಲ್ಲಿ ಒಂದೇ ಸಲಕ್ಕೆ ಕೂತುಬಿಟ್ಟರು. ಮಜ್ದಾದಲ್ಲಿ ಕೂತದ್ದು ಸುಲಭ, ಏಳಲು ನನ್ನ ಕೈ ಬೇಕಾಯಿತು. ಅವರೇನೂ ಅಭಿಪ್ರಾಯ ಹೇಳಲಿಲ್ಲ. ಕೇಳಿದರೆ "ಎಲ್ಲ ಚೆನ್ನಾಗಿದೆ" ಅನ್ನುತ್ತಾರೆ. ಹಾಗಾಗಿ ನಾನು ಕೇಳಲಿಲ್ಲ, ಇಳಿಯುವಾಗ ಮುಖ ನೋಡಿದೆ.

ಮಗಳು ನಡುವೆ ಕೂರುವವಳು. ನೆಲದ ಮಧ್ಯದ ಉಬ್ಬು ನಾಲ್ಕರಲ್ಲೂ ಇದೆ. ಆಕಡೆ ಈಕಡೆ ಕಾಲು ಹಾಕಿ ಕೂತಳು, ದೂರು ಏನೂ ಇಲ್ಲ.

ಡಿಕ್ಕಿಯಲ್ಲಿ ಅಕಾರ್ಡ್ ಮುಂದು. ಅಳತೆ ಸುಮಾರು 473 ಲೀಟರ್, ಹೊಸ ಕ್ಯಾಮ್ರಿಯದು 427ರ ಆಸುಪಾಸು, ಮಜ್ದಾದ್ದು 416. ನಿಜವಾಗಿ ತಳ್ಳುಗಾಡಿ ತುರುಕಿದಾಗ ಮೂರರಲ್ಲೂ ಹೋಯಿತು. ಲೀಟರ್‌ಗಿಂತ ಡಿಕ್ಕಿಯ ಬಾಯಿ ಎಷ್ಟು ಅಗಲ ಅನ್ನುವುದು ಮುಖ್ಯ. ಹೈಬ್ರಿಡ್‌ಗಳಲ್ಲಿ ಬ್ಯಾಟರಿ ಡಿಕ್ಕಿಯನ್ನು ತಿಂದುಹಾಕುತ್ತದೆ ಅನ್ನುವುದು ಹಳೆಯ ಮಾತು. 2017ರಲ್ಲಿ ಬಂದ ತಲೆಮಾರಿನಿಂದ ಕ್ಯಾಮ್ರಿಯ ಬ್ಯಾಟರಿ ಹಿಂದಿನ ಸೀಟಿನ ಅಡಿಗೆ ಹೋಗಿದೆ. ಅಕಾರ್ಡ್‌ನಲ್ಲೂ ಅಷ್ಟೇ.

ಓಡಿಸುವ ವಿಷಯಕ್ಕೆ ಬಂದರೆ ನನ್ನ ಮನಸ್ಸು ಮಜ್ದಾ ಕಡೆಗೆ. ಮುಚ್ಚುಮರೆ ಯಾಕೆ? ಟರ್ಬೊ ಇಲ್ಲದ 2.5 ಲೀಟರ್ ಎಂಜಿನ್, ನಿಜವಾದ ಆರು ಗೇರುಗಳ ಆಟೋಮ್ಯಾಟಿಕ್. ಕಾಲು ಒತ್ತಿದಷ್ಟೇ ಹೋಗುತ್ತದೆ, ತಿರುಗಿಸಿದಷ್ಟೇ ತಿರುಗುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ಕೈಯಲ್ಲಿ ಮಾತಾಡುತ್ತದೆ. ಈ ಮಾದರಿ ಅಮೆರಿಕದಲ್ಲಿ 2021ಕ್ಕೇ ಮುಗಿಯಿತು ಅಂದಾಗ ಸಂಕಟ ಆಗುತ್ತದೆ.

ಹೈಬ್ರಿಡ್‌ಗಳ ಕಥೆ ಬೇರೆ. ಅಕಾರ್ಡ್‌ನಲ್ಲಿ ಎರಡು ಮೋಟಾರ್. ಊರೊಳಗೆ ಹೆಚ್ಚಿನ ಹೊತ್ತು ಎಂಜಿನ್ ಕರೆಂಟು ತಯಾರಿಸುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಹೆದ್ದಾರಿಯ ವೇಗದಲ್ಲಿ ಮಾತ್ರ ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಕ್ಯಾಮ್ರಿಯಲ್ಲಿ ಎಂಜಿನ್ ಮತ್ತು ಮೋಟಾರು ಎರಡೂ ಒಂದು ಪ್ಲಾನೆಟರಿ ಗೇರ್ ಸೆಟ್ಟಿನಲ್ಲಿ, ಅಂದರೆ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ಜೋಡಣೆಯಲ್ಲಿ, ಸೇರುತ್ತವೆ. ಇದನ್ನೂ ಸಿವಿಟಿ ಅಂತಲೇ ಕರೆಯುತ್ತಾರೆ. ಮಾಮೂಲಿ ಸಿವಿಟಿ ಅಂದರೆ ಹಂತಗಳಿಲ್ಲದೆ ಬೆಲ್ಟಿನ ಮೇಲೆ ಓಡುವ ಗೇರ್‌ಬಾಕ್ಸ್, ಆದರೆ ಇದರಲ್ಲಿ ಬೆಲ್ಟ್ ಗೀಲ್ಟ್ ಏನೂ ಇಲ್ಲ. ಸವೆಯುವ ಬೆಲ್ಟ್ ಇಲ್ಲ ಅನ್ನುವುದು ಹಳೆಯ ಗಾಡಿ ಕೊಳ್ಳುವವರಿಗೆ ಸಣ್ಣ ವಿಷಯವಲ್ಲ. ಎರಡೂ ಗಾಡಿಗಳು ಸಿಗ್ನಲ್‌ನಿಂದ ಹೊರಡುವುದು ನೀರಿನ ಹಾಗೆ. ಮಗ ನಿದ್ದೆ ಮಾಡಿಬಿಟ್ಟ. ಮಜ್ದಾದಲ್ಲಿ ಎಚ್ಚರವಾಗಿದ್ದ. ಅದು ಅವನ ಮೂಡ್ ಇರಬಹುದು, ಗೊತ್ತಿಲ್ಲ.

ಪರದೆ, ಸ್ಪೀಕರು, ಬಣ್ಣದ ಲೈಟು ಇವೆಲ್ಲ ನಾಲ್ಕರಲ್ಲೂ ಬೇಕಾದಷ್ಟಿವೆ. ಎಸಿಗೆ ಮಾಮೂಲಿ ಗುಂಡಿ ಇದೆಯಾ ಅಂತ ಮಾತ್ರ ನೋಡಿದೆ. ಇತ್ತು.

ಈಗ ಹೊಸದೋ ಹಳೆಯದೋ ಅನ್ನುವ ಜಗಳ. ಹೊಸ ಗಾಡಿಯ ಬೆಲೆ ಮೊದಲ ಮೂರು ವರ್ಷದಲ್ಲೇ ಅತಿ ಹೆಚ್ಚು ಇಳಿಯುತ್ತದೆ. ಆ ಇಳಿತವನ್ನು ಬೇರೆ ಯಾರೋ ಹೊತ್ತ ಮೇಲೆ ನಾವು ಕೊಂಡರೆ ಲಾಭ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಹೊಸದನ್ನು ಕೊಳ್ಳುವಾಗ ನೀವು ಮಾದರಿಯನ್ನು ಆರಿಸುತ್ತೀರಿ, ಹಳೆಯದನ್ನು ಕೊಳ್ಳುವಾಗ ಆ ಒಂದು ಗಾಡಿಯನ್ನು. ಮಾದರಿ ಎಷ್ಟೇ ಒಳ್ಳೆಯದಿರಲಿ, ಎದುರಿಗೆ ನಿಂತ ಗಾಡಿ ಹಾಳಾಗಿದ್ದರೆ ಹಾಳೇ.

ನಾವು ನೋಡಿದ ಮೊದಲನೆಯ ಹಳೆಯ ಗಾಡಿ ಯಾವ ಕಂಪನಿಯದು ಅಂತ ಹೇಳುವುದಿಲ್ಲ, ತಪ್ಪು ಕಾರಿನದ್ದಲ್ಲ. "ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ ಗಾಡಿ" ಅಂದರು ಮಾರುವವರು. ಮಾರಾಟಕ್ಕಿರುವ ಎಲ್ಲ ಗಾಡಿಗಳನ್ನೂ ಡಾಕ್ಟರೇ ಓಡಿಸಿರುತ್ತಾರೆ, ಅಲ್ವಾ? ಪಾಲಿಶ್ ಹೊಡೆದು ಮಿರಮಿರ ಮಿಂಚುತ್ತಿತ್ತು. ನನ್ನ ಜೊತೆ ಬಂದ ಗೆಳೆಯ ಮೆಕ್ಯಾನಿಕ್ ಅಲ್ಲ, ಆದರೆ ಅವನ ಹತ್ತಿರ ಎರಡು ಸಾಮಾನು ಇದ್ದವು: ಪೇಂಟಿನ ದಪ್ಪ ಅಳೆಯುವ ಮೀಟರು, ಮತ್ತು ಗಾಡಿಯ ಕಂಪ್ಯೂಟರನ್ನು ಓದುವ ಒಬಿಡಿ ಸ್ಕ್ಯಾನರ್.

ಮೀಟರು ಬಾನೆಟ್ ಮೇಲೆ 120 ಮೈಕ್ರಾನ್ ತೋರಿಸಿತು. ಮುಂದಿನ ಬಾಗಿಲು 115. ಕಂಪನಿಯಿಂದ ಬಂದ ಪೇಂಟು ಸಾಮಾನ್ಯವಾಗಿ ಇಷ್ಟೇ ಇರುತ್ತದೆ, 100ರಿಂದ 180ರ ಒಳಗೆ. ಹಿಂದಿನ ಎಡ ಬಾಗಿಲಿಗೆ ಹಿಡಿದಾಗ 480. ಒಳಗೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ಸರಿ, ಗೀಚಿರಬಹುದು, ಒಂದು ಬಾಗಿಲಿಗೆ ಗಾಡಿ ಬಿಡುವುದು ಬೇಡ ಅಂದುಕೊಂಡೆ. ಆಮೇಲೆ ಟೈರು ನೋಡಿದೆವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಇದರ ನಾಲ್ಕು ಟೈರುಗಳ ಮೇಲೆ ಮೂರು ಬೇರೆ ಬೇರೆ ವರ್ಷ. ಮುಂದಿನ ಒಂದು ಟೈರು ಒಳಗಿನ ಅಂಚಿನಲ್ಲಿ ಮಾತ್ರ ಬೋಳು, ಅಂದರೆ ಚಕ್ರ ನೆಟ್ಟಗೆ ಓಡುತ್ತಿಲ್ಲ.

ಕೊನೆಗೆ ಸ್ಕ್ಯಾನರ್. ಒಂದೂ ಎರರ್ ಕೋಡ್ ಇಲ್ಲ. ಮಾರುವವರು ನಕ್ಕರು. ಗೆಳೆಯ ನಗಲಿಲ್ಲ. ಇನ್ನೊಂದು ಪುಟ ತೆರೆದು ತೋರಿಸಿದ. ಗಾಡಿಯ ಕಂಪ್ಯೂಟರ್ ತನ್ನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದವನ್ನು ಓಡುತ್ತಾ ಓಡುತ್ತಾ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಪರೀಕ್ಷೆ ಮುಗಿದಿದ್ದರೆ 'ರೆಡಿ' ಅನ್ನುತ್ತದೆ. ಯಾರಾದರೂ ಎರರ್ ಕೋಡ್ ಅಳಿಸಿದರೆ ಈ ಪರೀಕ್ಷೆಗಳ ಲೆಕ್ಕವೂ ಅಳಿಸಿಹೋಗುತ್ತದೆ, ಮತ್ತೆ ಕೆಲವು ದಿನ ಓಡಿಸಿದ ಮೇಲಷ್ಟೇ ತುಂಬುತ್ತದೆ. ನಮ್ಮ ಮುಂದಿದ್ದ ಗಾಡಿಯಲ್ಲಿ ಮುಖ್ಯವಾದದ್ದು ಒಂದೂ ರೆಡಿ ಇರಲಿಲ್ಲ. "ಬ್ಯಾಟರಿ ಚೇಂಜ್ ಮಾಡಿದ್ವಿ ಸಾರ್" ಅಂದರು. ಅದೂ ನಿಜವಿರಬಹುದು, ಬ್ಯಾಟರಿ ತೆಗೆದರೂ ಹಾಗಾಗುತ್ತದೆ. ಬಾನೆಟ್ ಎತ್ತಿ ನೋಡಿದೆವು. ಬ್ಯಾಟರಿಯ ಟರ್ಮಿನಲ್ ಮೇಲೆ ಹಸಿರು ಬೂಷ್ಟು, ಅದರ ಮೇಲೆ ಧೂಳು. ಹೊಸ ಬ್ಯಾಟರಿ ಹೀಗಿರುವುದಿಲ್ಲ. ಟೀ ಬೇಡ ಅಂದು ಹೊರಟೆವು.

ಮಜ್ದಾ 6 ಒಳ್ಳೆಯದೇ ಸಿಕ್ಕಿತ್ತು. ಪೆಡಲಿನ ರಬ್ಬರು, ಸ್ಟೇರಿಂಗಿನ ಚರ್ಮ, ಓಡಿದ ಕಿಲೋಮೀಟರು ಮೂರೂ ಒಂದಕ್ಕೊಂದು ಹೊಂದುತ್ತಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದೆ, ಕೆಸರಿನ ಗೆರೆ ಇಲ್ಲ, ಮುಗ್ಗಲು ವಾಸನೆ ಇಲ್ಲ. ನೀರಿನಲ್ಲಿ ಮುಳುಗಿದ ಗಾಡಿಯಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ, ಯಾಕಂದರೆ ಬೆಲ್ಟಿನ ಆ ತುದಿಯನ್ನು ಯಾರೂ ತೊಳೆಯುವುದಿಲ್ಲ. ನಾನು ಆಗಲೇ ಮನಸ್ಸಿನಲ್ಲಿ ಅದನ್ನು ಮನೆ ಮುಂದೆ ನಿಲ್ಲಿಸಿಯಾಗಿತ್ತು. ಹೆಂಡತಿ ಎರಡು ಬೆರಳು ಎತ್ತಿ ತೋರಿಸಿದಳು. ಡ್ಯಾಶ್‌ಬೋರ್ಡಿಗೂ ಅವಳ ಮಂಡಿಗೂ ನಡುವಿನ ಆ ಎರಡು ಬೆರಳು. ಮಾತು ಮುಗಿಯಿತು.

ಹಾಗಾದರೆ ಹೊಸ ಅಕಾರ್ಡ್ ತಾನೇ? ಜಾಗದಲ್ಲಿ ಅದೇ ಮೊದಲು, ಡಿಕ್ಕಿಯಲ್ಲೂ ಅದೇ ಮೊದಲು. ಹೆಂಡತಿಯ ವೋಟು ಕೊನೆಯವರೆಗೂ ಅದಕ್ಕೇ. ನಾನೂ ಸುಮಾರು ಒಪ್ಪಿಕೊಂಡಿದ್ದೆ. ಆಮೇಲೆ ಒಂದು ರಾತ್ರಿ ಯೋಚನೆ ಬಂತು. ಮಗ ಹಿಮ್ಮುಖ ಸೀಟಿನಲ್ಲಿ ಕೂರುವುದು ಇನ್ನೊಂದು ವರ್ಷ, ಜಾಸ್ತಿ ಅಂದರೆ ಎರಡು. ಆಮೇಲೆ ಅವನೇ ಮುಂದಕ್ಕೆ ತಿರುಗಿ ಕೂರುತ್ತಾನೆ, ಆ ಏಳು ಸೆಂಟಿಮೀಟರ್ ಸುಮ್ನೆ ಖಾಲಿ. ಅಮ್ಮನ ಮಂಡಿ ಹಾಗಲ್ಲ. ಅದು ವರ್ಷ ವರ್ಷ ಬಿಗಿಯಾಗುವುದೇ ಹೊರತು ಸಡಿಲ ಆಗುವುದಿಲ್ಲ. ಗಾಡಿಯನ್ನು ನಾವು ಎಂಟು ವರ್ಷ ಇಟ್ಟುಕೊಳ್ಳುವವರು. ಬೆಳಗ್ಗೆ ಹೆಂಡತಿಗೆ ಇದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ಬೆರಳು ಸಾಕು" ಅಂದಳು.

ಕ್ಯಾಮ್ರಿ ಅಂತಾದ ಮೇಲೆ ಹೊಸದೋ ಹಳೆಯದೋ ಅನ್ನುವುದು ಬೇಗ ತೀರ್ಮಾನವಾಯಿತು. ಎರಡೂ ತಲೆಮಾರಿಗೆ ವೀಲ್‌ಬೇಸ್ ಒಂದೇ. ಅಮ್ಮ ಎರಡರಲ್ಲೂ ಅದೇ ರೀತಿ ಕೂತರು, ಅದೇ ರೀತಿ ಇಳಿದರು. ಹೊಸದರಲ್ಲಿ ಪಿಕಪ್ ಸ್ವಲ್ಪ ಜಾಸ್ತಿ, ಪರದೆ ದೊಡ್ಡದು, ವಾರಂಟಿ ಪೂರ್ತಿ. ಆ ವಾರಂಟಿಯೊಂದೇ ನನ್ನನ್ನು ಎರಡು ದಿನ ಕಾಡಿದ್ದು. ಹಳೆಯ ಹೈಬ್ರಿಡ್ ಅಂದರೆ ಎಲ್ಲರೂ ಬ್ಯಾಟರಿ ಹೆಸರು ಹೇಳಿ ಹೆದರಿಸುತ್ತಾರೆ. ಆದರೆ ಇದರಲ್ಲಿ ಇಲ್ಲದ್ದನ್ನೂ ಎಣಿಸಬೇಕು: ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಎಸಿ ಕಂಪ್ರೆಸರ್ ನಡೆಯುವುದು ಕರೆಂಟಿನಲ್ಲಿ. ನಿಧಾನ ಮಾಡುವಾಗ ಮೋಟಾರೇ ಹಿಡಿಯುವುದರಿಂದ ಬ್ರೇಕ್ ಪ್ಯಾಡು ಬಹಳ ದಿನ ಬಾಳುತ್ತದೆ. ನಾವು ನೋಡಿದ ನಾಲ್ಕು ವರ್ಷದ ಗಾಡಿಗೆ ಸರ್ವಿಸ್ ಪುಸ್ತಕ ಪೂರ್ತಿ ಇತ್ತು. ಪೇಂಟು ಎಲ್ಲ ಕಡೆ ಒಂದೇ ದಪ್ಪ. ಸ್ಕ್ಯಾನರ್‌ನಲ್ಲಿ ಎಲ್ಲವೂ ರೆಡಿ. ಬ್ಯಾಟರಿಯನ್ನು ಸರ್ವಿಸ್ ಸೆಂಟರ್‌ನಲ್ಲಿ ಬೇರೆಯಾಗಿ ಪರೀಕ್ಷೆ ಮಾಡಿಸಿದೆವು, ಪಾಸಾಯಿತು. ಟೈರು ಮಾತ್ರ ಹಳೆಯವು, ಆ ಲೆಕ್ಕವನ್ನು ಬೆಲೆಯಲ್ಲಿ ಕಳೆದುಕೊಂಡೆವು.

ಮಾರಿದವರು ಸಂಭಾವಿತರು. ಒಂದೇ ಒಂದು ಮಾತನ್ನು ಮೂರು ಸಲ ಹೇಳಿದ್ದರು: "ಹಿಂದಿನ ಸೀಟಲ್ಲಿ ಯಾರೂ ಕೂತೇ ಇಲ್ಲ."

ಗಾಡಿ ಮನೆಗೆ ಬಂದ ವಾರ ಬ್ರೇಕ್ ಆಯಿಲ್ ಬದಲಿಸಲು ಬಿಟ್ಟಿದ್ದೆ. ಬ್ಯಾಟರಿ ತಂಪಾಗಿಡುವ ಫ್ಯಾನು ಗಾಳಿ ಎಳೆದುಕೊಳ್ಳುವುದು ಹಿಂದಿನ ಸೀಟಿನ ಕೆಳಗಿನಿಂದ. ಅಲ್ಲೊಂದು ಸಣ್ಣ ಜಾಲರಿ ಫಿಲ್ಟರ್ ಇದೆ, ಅದನ್ನೂ ಸ್ವಚ್ಛ ಮಾಡಿ ಅಂದಿದ್ದೆ. ಮೆಕ್ಯಾನಿಕ್ ಅದನ್ನು ಬಿಚ್ಚಿ ತಂದು ನನ್ನ ಕೈಗಿಟ್ಟ. ಜಾಲರಿಯ ತುಂಬ ನಾಯಿ ಕೂದಲು. ಹತ್ತಿ ಹಾಸಿದ ಹಾಗೆ ಕೂತಿತ್ತು. ಮನೆಗೆ ತಂದು ಮಗಳಿಗೆ ತೋರಿಸಿದೆ. ಅವಳು ಅದನ್ನು ಬಿಡಿಸಿ ಬಿಡಿಸಿ ನೋಡಿ ನಾಯಿಯ ಚಿತ್ರ ಬರೆದಳು: ಬಿಳಿ ನಾಯಿ, ಕಿವಿ ಮಾತ್ರ ಕಂದು, ಹಿಂದಿನ ಸೀಟಿನ ನಡುವೆ ಅವಳದೇ ಜಾಗದಲ್ಲಿ ಕೂತಿದೆ.